ನನಗೆ ಹೊಡೆಯದ ಗಂಟೆ

ನಾನು ಯುದ್ಧಕ್ಕೆ ಹೋಗಿ ಬಂದವಳು ಎಂದರೆ ವಿನಿಪೆಗ್ ಕಡೆ ಸರೋವರದ ದಂಡೆಯ ನಮ್ಮ ಸಾಂಡ್ವಿಕ್‌ನಲ್ಲಿ ಈಗಲೂ ಕೆಲವರು ಒಮ್ಮೆ ನನ್ನ ಮುಖ, ಒಮ್ಮೆ ನನ್ನ ಸೊಂಟದ ಸುತ್ತಳತೆ ನೋಡಿ ಸುಮ್ಮನೆ ಕೆಮ್ಮಿಕೊಳ್ಳುತ್ತಾರೆ. ಅವರನ್ನು ದೂರುವಂತಿಲ್ಲ. ನಾನು ಹಾರಿಸಿದ ಗುಂಡು ಒಂದೂ ಇಲ್ಲ. ನನ್ನ ಶತ್ರುಗಳೆಂದರೆ ಗ್ರೀಸಿನ ಕಲೆ, ಬೆವರು ಹಿಡಿದ ಕಾಲರು, ಸತ್ತರೂ ಬಿಡದ ಇಂಗ್ಲೆಂಡಿನ ಕೆಸರು. ಇವರ ಮೇಲೆ ನಾನು ಸಾಧಿಸಿದ ಜಯಗಳಿಗೆ ಸರ್ಕಾರ ಎರಡು ಪದಕ ಕೊಟ್ಟಿದೆ. ಅವು ನನ್ನ ಗುಂಡಿಗಳ ಡಬ್ಬಿಯಲ್ಲಿ, ಕೋಟಿನ ದೊಡ್ಡ ಗುಂಡಿಗಳ ಜೊತೆ ಇವೆ.

ಹೆಸರು ಪರಸ್ಕಾ. ಸೇನೆಗೆ ಸೇರಿದ ದಿನ ಮೇಜಿನ ಹಿಂದೆ ಕೂತಿದ್ದ ಸಾರ್ಜೆಂಟಮ್ಮ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಉಗುಳಿ, "ಪರ್ಲ್" ಎಂದು ಬರೆದುಕೊಂಡಳು. ಉಕ್ರೇನಿನಿಂದ ಬಂದವರ ಹೆಣ್ಣುಮಕ್ಕಳೆಲ್ಲ ಆ ಕಾಲದಲ್ಲಿ ಹೀಗೆ ಮುತ್ತು ರತ್ನಗಳಾಗಿಬಿಟ್ಟಿದ್ದರು. ನನಗೇನೂ ಬೇಸರವಾಗಲಿಲ್ಲ. ನನ್ನ ಕಣ್ಣೆಲ್ಲ ಅವಳ ಹಿಂದಿನ ಗೋಡೆಗೆ ಅಂಟಿಸಿದ್ದ ಚಿತ್ರದ ಮೇಲಿತ್ತು. ಅದರಲ್ಲಿ ಖಾಕಿ ತೊಟ್ಟ ಒಬ್ಬ ಹುಡುಗಿ, ಓರೆ ಟೋಪಿ, ತುಟಿಗೆ ಬಣ್ಣ, ಜೀಪು ಓಡಿಸುತ್ತ ನಗುತ್ತಿದ್ದಳು. ನಾನು ಸೇರಿದ್ದು ದೇಶಕ್ಕಾಗಿ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಸೇರಿದ್ದು ಆ ಜೀಪಿಗಾಗಿ.

"ಮನೇಲಿ ಏನು ಕೆಲಸ ಮಾಡ್ತಿದ್ದೆ?" ಎಂದಳು ಸಾರ್ಜೆಂಟಮ್ಮ.

ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದೆ ಎನ್ನಬಹುದಿತ್ತು, ಅದೂ ನಿಜವೇ. ಆದರೆ ನನಗೆ ಆಗ ಹತ್ತೊಂಬತ್ತು ವರ್ಷ, ದೊಡ್ಡ ಕೆಲಸ ಹೇಳಿದರೆ ದೊಡ್ಡ ಹುದ್ದೆ ಸಿಗುತ್ತದೆ ಎಂಬ ಲೆಕ್ಕಾಚಾರ. "ಹತ್ತು ಜನರ ಬಟ್ಟೆ ಒಬ್ಬಳೇ ಒಗೀತಿದ್ದೆ, ಮೇಡಂ. ಚಳಿಗಾಲದಲ್ಲೂ" ಎಂದೆ, ಎದೆ ಉಬ್ಬಿಸಿ.

ಅವಳ ಮುಖ ಅರಳಿತು. ನನ್ನ ಯುದ್ಧ ಅಲ್ಲಿಗೆ ತೀರ್ಮಾನವಾಯಿತು.

ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿದಂದಿನಿಂದ ಇದ್ದದ್ದೆಲ್ಲ ಹೊರಗೆ ಬಂದಿತ್ತು. ಇಂಗ್ಲೆಂಡಿನ ದಕ್ಷಿಣದಲ್ಲಿ ನಮ್ಮ ಸೇನೆಯ ಒಗೆತದ ಕಾರ್ಖಾನೆ ಇತ್ತು. ಉದ್ದನೆಯ ಶೆಡ್ಡು, ಕುದಿಯುವ ನೀರು, ಮಾತು ಕೇಳಿಸದಷ್ಟು ಸದ್ದು ಮಾಡುವ ಯಂತ್ರಗಳು, ಕಾಲಕೆಳಗೆ ಸದಾ ಸೋಪಿನ ನೀರು. ನಾನು ಯುದ್ಧಭೂಮಿಯಲ್ಲಿ ಬಿದ್ದದ್ದು ಎಂದರೆ ಆ ಸೋಪಿನ ನೀರಿನಲ್ಲಿ ಜಾರಿ ಬಿದ್ದದ್ದು, ಅದೂ ಒಬ್ಬ ಜನರಲ್ ತಪಾಸಣೆಗೆ ಬಂದ ದಿನ, ಅವನ ಬೂಟಿನ ಬುಡಕ್ಕೇ. ಅವನು ಬಹಳ ಮರ್ಯಾದಸ್ಥ. ನನ್ನನ್ನು ದಾಟಿಕೊಂಡು ಹೋದ.

ಕೆಲಸದ ರೀತಿ ಸರಳ. ಒಬ್ಬೊಬ್ಬ ಸಿಪಾಯಿಯ ಬಟ್ಟೆ ಒಂದೊಂದು ಕಟ್ಟು. ಕಾಲರಿನೊಳಗೆ ಅವನ ನಂಬರು. ಹೆಸರಿಲ್ಲ. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಗುಂಡಿ ಕಿತ್ತಿದ್ದರೆ ಹೊಲಿದು, ದಾರದಿಂದ ಕಟ್ಟಿ ಗೋಡೆಗುಂಟ ಇದ್ದ ಹಲಗೆಗಳ ಮೇಲೆ ಇಡಬೇಕು. ಅವನ ತುಕಡಿಯವರು ಬಂದು ಒಯ್ಯುತ್ತಾರೆ. ಆ ಹಲಗೆಗಳ ವಿಷಯ ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಯುದ್ಧ ಮುಗಿದು ಊರಿಗೆ ಬಂದೆ, ಒಲೆಕ್ಸಾನನ್ನು ಮದುವೆಯಾದೆ. ಅವನಿಗೆ ಕಣ್ಣು ಮಂಜು, ಅದಕ್ಕೇ ಸೇನೆ ತೆಗೆದುಕೊಂಡಿರಲಿಲ್ಲ. ನನ್ನನ್ನು ಒಪ್ಪಿದ್ದೂ ಅದೇ ಕಾರಣಕ್ಕೆ ಎಂದು ಅವನ ತಮಾಷೆ. ಸೇನೆಯಿಂದ ಬಂದ ಗಂಡಸರೆಲ್ಲ ಸೇರಿ ಸರೋವರದ ದಂಡೆಯ ಹಳೆಯ ಮೀನಿನ ಗೋದಾಮನ್ನು ಸೈನಿಕ ಭವನ ಮಾಡಿದ್ದರು. ನಾನು ನನ್ನ ಬಿಡುಗಡೆಯ ಕಾಗದ ಹಿಡಿದು ಹೋದೆ. ಕಾಗದವನ್ನು ಎಲ್ಲರೂ ಗೌರವದಿಂದ ಓದಿದರು. ಓದಿ, "ಬಾ ಬಾ ಪರ್ಲ್, ನಿನ್ನಂಥವರು ಬೇಕು ನಮಗೆ" ಎಂದು ನನ್ನನ್ನು ಮಹಿಳಾ ಮಂಡಳಿಗೆ ಸೇರಿಸಿ ಅಡುಗೆಮನೆಯ ಬೀಗದ ಕೈ ಕೊಟ್ಟರು. ನಾನು ನಗುನಗುತ್ತಾ ತೆಗೆದುಕೊಂಡೆ. ಜೀಪು ಎರಡನೆಯ ಸಲ ತಪ್ಪಿತು.

ಭವನದಲ್ಲಿ ಒಂದು ಕಟ್ಟಳೆ ಇದೆ. ಬಾಗಿಲು ದಾಟಿದ ಕೂಡಲೇ ಟೋಪಿ ತೆಗೆಯಬೇಕು, ಸತ್ತವರ ಗೌರವಕ್ಕೆ. ಮರೆತು ಟೋಪಿಯಲ್ಲೇ ಒಳಗೆ ಬಂದವನು ಅಲ್ಲಿದ್ದವರಿಗೆಲ್ಲ ಒಂದೊಂದು ಸುತ್ತು ಕುಡಿಸಬೇಕು. ಇದನ್ನು ನೋಡಿಕೊಳ್ಳುವವನು ಗೇರಿ. ಐಸ್‌ಲ್ಯಾಂಡಿನವರ ಪೈಕಿ, ಹಡಗಿನ ಕಂಬದ ಹಾಗಿನ ಆಳು, ಎಡಗೈಯಲ್ಲಿ ಎರಡು ಬೆರಳು ಇಟಲಿಯಲ್ಲಿ ಉಳಿದಿವೆ. ಪಾನೀಯ ಕೊಡುವ ಕಟ್ಟೆಯ ಹಿಂದೆ ನಿಂತಿರುತ್ತಾನೆ. ತಲೆಯ ಮೇಲೆ ಹಳೆಯ ದೋಣಿಯ ಹಿತ್ತಾಳೆ ಗಂಟೆ. ಟೋಪಿ ಕಂಡರೆ ಹಗ್ಗ ಎಳೆಯುತ್ತಾನೆ, "ಟೋಪಿ, ಸಿಪಾಯಿ" ಎನ್ನುತ್ತಾನೆ. ದನಿ ಏರಿಸುವುದಿಲ್ಲ. ಇಡೀ ಭವನ ಗ್ಲಾಸು ಕುಟ್ಟುತ್ತದೆ, ಸಿಕ್ಕಿಬಿದ್ದವನು ಪೆದ್ದುನಗೆ ನಗುತ್ತಾ ಜೇಬಿಗೆ ಕೈ ಹಾಕುತ್ತಾನೆ.

ನನ್ನ ಗಂಡ ಸಿಪಾಯಿಯಲ್ಲ, ಆದರೂ ಗೆಳೆಯರ ಜೊತೆ ಕೂರಲು ಹೋಗುತ್ತಿದ್ದ. ಒಳಗೆ ಹೋದರೆ ಕನ್ನಡಕಕ್ಕೆ ಮಂಜು ಹಿಡಿಯುತ್ತಿತ್ತು, ಅದನ್ನು ಒರೆಸುವ ಗಡಿಬಿಡಿಯಲ್ಲಿ ಟೋಪಿ ಮರೆಯುತ್ತಿದ್ದ. ಚಳಿಗಾಲಕ್ಕೆ ಎರಡು ಸಲವಾದರೂ ಗಂಟೆ. "ಟೋಪಿ, ಬೇಸಾಯಗಾರ" ಎನ್ನುತ್ತಿದ್ದ ಗೇರಿ, ಲೆಕ್ಕ ತಪ್ಪಬಾರದಲ್ಲ.

ಯುದ್ಧಕ್ಕೇ ಹೋಗದ ನನ್ನ ಗಂಡನಿಗೆ ಗಂಟೆ. ಪಶುವೈದ್ಯನಿಗೆ ಗಂಟೆ. ಗ್ಯಾಸ್ ಮಾರಲು ಬಂದವನಿಗೂ ಗಂಟೆ. ನನಗೆ ಮಾತ್ರ ಇಲ್ಲ. ಯಾಕೆಂದರೆ ಗೋಡೆಯ ಮೇಲಿನ ಕಟ್ಟಳೆಯ ಫಲಕದಲ್ಲಿ, ಕೊನೆಯ ಸಾಲಿನಲ್ಲಿ, ಹೆಂಗಸರಿಗೆ ವಿನಾಯಿತಿ ಎಂದು ಬರೆದಿತ್ತು. ಹೆಂಗಸರ ಟೋಪಿ ಅಲಂಕಾರದ್ದಂತೆ, ಅದಕ್ಕೆ ಲೆಕ್ಕವಿಲ್ಲವಂತೆ.

ಹೇಳಿದರೆ ನಗುತ್ತೀರಿ, ನಗಿ. ಆ ಗಂಟೆ ನನ್ನ ಮೇಲೂ ಒಮ್ಮೆ ಹೊಡೆಯಲಿ ಎಂದು ನಾನು ಆಸೆಪಟ್ಟಷ್ಟು ಬೇರೆ ಯಾವುದಕ್ಕೂ ಪಟ್ಟಿಲ್ಲ. ಜನ ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ, ನಾನು ಸಿಕ್ಕಿಬೀಳಲು ಹೊಂಚು ಹಾಕುತ್ತಿದ್ದೆ. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎನ್ನಬೇಡಿ. ಕೇಳಿ ಹೊಡೆಸಿಕೊಂಡ ಗಂಟೆ ಗಂಟೆಯೇ ಅಲ್ಲ.

ಮೊದಲ ವರ್ಷ ನನ್ನ ಸೇನೆಯ ಟೋಪಿಯನ್ನೇ ಹಾಕಿಕೊಂಡು ಮುಂಬಾಗಿಲಿನಿಂದ ಹೋದೆ. ಗೇರಿ ಕಣ್ಣೆತ್ತಿ ನೋಡಿದ.

"ಪರ್ಲ್, ಕಾಫಿ ಖಾಲಿಯಾಗಿದೆ" ಎಂದ.

ಇನ್ನೊಂದು ವರ್ಷ ಒಲೆಕ್ಸಾನ ಕಿವಿಮುಚ್ಚುವ ತುಪ್ಪಳದ ಟೋಪಿ ಹಾಕಿಕೊಂಡು, ಗಂಡಸಿನ ಹಾಗೆ ಕಾಲು ಅಗಲಿಸಿ ನಡೆದು ಹೋದೆ. "ಚಳಿ ಜೋರಾಗಿದೆ ಅಲ್ವಾ? ಇಟ್ಕೊ ಇಟ್ಕೊ, ಶೀತ ಆದೀತು" ಎಂದು ಕಾಳಜಿ ತೋರಿದ. ಆಮೇಲೆ ಹಟಕ್ಕೆ ಬಿದ್ದು ವಿನಿಪೆಗ್ಗಿನ ದೊಡ್ಡ ಅಂಗಡಿಯಿಂದ ಒಂದು ಟೋಪಿ ತಂದೆ. ಅದರ ಮೇಲೆ ಬಟ್ಟೆಯ ಹಣ್ಣು, ಹಣ್ಣಿನ ಪಕ್ಕ ಒಂದು ಹಕ್ಕಿ. ಕುರುಡನಿಗೂ ಕಾಣುವಂಥದ್ದು. ಭವನದ ಗಂಡಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಹಿಳಾ ಮಂಡಳಿ ಆ ವರ್ಷ ನನ್ನನ್ನು ಅಧ್ಯಕ್ಷೆ ಮಾಡಿತು. ಅಲ್ಲಿಗೆ ಸಾಕೆನಿಸಿತು. ಹಕ್ಕಿಯನ್ನು ಕಿತ್ತು ಕ್ರಿಸ್ಮಸ್ ಮರಕ್ಕೆ ಸಿಕ್ಕಿಸಿ ನಾನು ಅಡುಗೆಮನೆಯ ಹಿಂಬಾಗಿಲಿನಿಂದಲೇ ಓಡಾಡತೊಡಗಿದೆ.

ಹೀಗೆ ಮೂವತ್ತು ಚಿಲ್ಲರೆ ವರ್ಷ. ಪ್ರತಿ ನವೆಂಬರ್ ಹನ್ನೊಂದಕ್ಕೆ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ, ಗಂಡಸರು ಎದೆಗೆ ಪದಕ, ಕೋಟಿಗೆ ಕೆಂಪು ಗಸಗಸೆ ಹೂವು ಸಿಕ್ಕಿಸಿಕೊಂಡು ಸ್ಮಾರಕದ ಕಲ್ಲಿನವರೆಗೆ ನಡೆಯುತ್ತಿದ್ದರು. ಅವರು ಹಿಂದಿರುಗುವಷ್ಟರಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ಸಿದ್ಧವಿರಬೇಕು. ಹನ್ನೊಂದು ಗಂಟೆಗೆ ತುತ್ತೂರಿ ಕೇಳಿಸಿದಾಗ ನಾನು ಕೆಟಲ್ ಕೂಗದಂತೆ ಒಲೆ ಆರಿಸಿ, ಬೆಣ್ಣೆಯ ಚಾಕು ಹಿಡಿದುಕೊಂಡೇ ಸೆಟೆದು ನಿಲ್ಲುತ್ತಿದ್ದೆ. ಒಂದು ಸಲ ಏಪ್ರನ್ನಿಗೆ ಪದಕ ಸಿಕ್ಕಿಸಿಕೊಂಡು ನೋಡಿದೆ. ಮೊಟ್ಟೆ ಮೆತ್ತಿತು, ತೆಗೆದಿಟ್ಟೆ.

ಕೊನೆಗೆ ಒಂದು ವರ್ಷ, ಅದೇ ನವೆಂಬರ್ ಹನ್ನೊಂದಕ್ಕೆ, ಊರಿನ ಶಾಲೆಗೆ ಹೊಸದಾಗಿ ಬಂದ ಟೀಚರ್ ಡಾರ್ಲೀನ್ ಒಂದು ಟೇಪ್ ರೆಕಾರ್ಡರ್ ಹೊತ್ತು ಭವನಕ್ಕೆ ಬಂದಳು. ಯುದ್ಧಕ್ಕೆ ಹೋದವರ ನೆನಪುಗಳನ್ನು ಅವರದೇ ದನಿಯಲ್ಲಿ ಹಿಡಿದಿಡಬೇಕು, ಶಾಲೆಯಲ್ಲಿ ಕೇಳಿಸಬೇಕು ಎಂಬುದು ಅವಳ ಆಸೆ. ಮೆರವಣಿಗೆ ಮುಗಿದು ಗಂಡಸರು ಕೂತಿದ್ದರು. ಅವಳು ಅಡುಗೆಮನೆಯ ಕಿಟಕಿಗೆ ಬಂದು ನನ್ನ ಕೈ ಹಿಡಿದು ಬೇಡಿಕೊಂಡಳು.

"ಆಂಟಿ, ಬೇಜಾರು ಮಾಡ್ಕೋಬೇಡಿ. ಪಾತ್ರೆ ಸದ್ದು ಸ್ವಲ್ಪ ಕಡಿಮೆ ಮಾಡ್ತೀರಾ? ನೆನಪುಗಳ ಮಧ್ಯೆ ಬಂದ್ಬಿಡುತ್ತೆ."

"ಆಯ್ತಮ್ಮ" ಎಂದೆ. ಯುದ್ಧದ ಇತಿಹಾಸಕ್ಕೆ ನನ್ನ ಕೊಡುಗೆ ಪಾತ್ರೆ ಸದ್ದು ಮಾಡದಿರುವುದು ಎಂದು ಗೊತ್ತಾಯಿತು.

ಕಿಟಕಿ ತೆರೆದೇ ಇತ್ತು, ಎಲ್ಲ ಕೇಳಿಸುತ್ತಿತ್ತು. ಫಿರಂಗಿ ದಳದಲ್ಲಿದ್ದ ಹೆಕ್ಟರ್ ನೆನಪು ಹೇಳಿದ. ಪ್ರತಿ ವರ್ಷ ಅವನ ಫಿರಂಗಿ ಸ್ವಲ್ಪ ಉದ್ದವಾಗುತ್ತದೆ, ಈ ವರ್ಷ ಅದು ಬಾಗಿಲಿನಿಂದ ಆಚೆ ಹೋಗುವಷ್ಟಾಗಿತ್ತು. ಡಾರ್ಲೀನ್ ಕೇಳಿದಳು, "ನಿಮಗೆ ಭಯ ಆಗ್ತಿರಲಿಲ್ವಾ?"

"ಭಯನಾ? ಅದಕ್ಕೆಲ್ಲ ಪುರಸೊತ್ತು ಎಲ್ಲಿತ್ತು ತಾಯಿ" ಎಂದ ಹೆಕ್ಟರ್.

ಅವನ ಪಕ್ಕದವನಿಗೂ ಪುರಸೊತ್ತಿರಲಿಲ್ಲ. ಅವನ ಪಕ್ಕದವನಿಗೆ ಭಯ ಎಂದರೇನೆಂದೇ ಗೊತ್ತಿರಲಿಲ್ಲ. ಮೈಕು ಕಟ್ಟೆಯ ಹಿಂದಿದ್ದ ಗೇರಿಯ ಹತ್ತಿರ ಬಂತು. ಅವನು ಬೇಡವೆಂದು ತಲೆಯಾಡಿಸಿದ. ಅವನು ಯಾವ ವರ್ಷವೂ ಏನೂ ಹೇಳಿದವನಲ್ಲ.

ನಾನು ಸುಮ್ಮನಿರಬಹುದಿತ್ತು. ಬಾಯಿ ಇದೆಯಲ್ಲ ನನ್ನದು, ಅದು ನನ್ನನ್ನು ಕೇಳಿ ಯಾವತ್ತೂ ತೆರೆದುಕೊಂಡಿಲ್ಲ.

"ಹಾಗಾದ್ರೆ ಆ ಪ್ಯಾಂಟುಗಳನ್ನೆಲ್ಲ ಒದ್ದೆ ಮಾಡಿದ್ದು ಯಾರು?" ಎಂದೆ ಕಿಟಕಿಯಿಂದ. "ಮೂರು ವರ್ಷ ನಿಮ್ಮ ಬಟ್ಟೆ ಒಗೆದವಳು ನಾನು. ಆಸ್ಪತ್ರೆಯಿಂದ ಬಂದದ್ದು, ಹಡಗಿಂದ ಬಂದದ್ದು, ಎಲ್ಲ. ಮುಂದುಗಡೆ ಏನಾಗಿತ್ತು, ಹಿಂದುಗಡೆ ಏನಾಗಿತ್ತು, ಎರಡೂ ನಂಗೊತ್ತು. ಟೇಪಿಗೆ ಹೇಳ್ಲಾ?"

ಟೇಪು ತಿರುಗುತ್ತಲೇ ಇತ್ತು. ಆಮೇಲೆ ಹೆಕ್ಟರ್ ನಗತೊಡಗಿದ, ಹೊಟ್ಟೆ ಕುಲುಕಿ, ಕಣ್ಣೀರು ಬರುವವರೆಗೆ. "ಮಾರಾಯ್ತಿ, ಅದು ನೀನಾ?" ಎಂದ. "ನಂದು ಒಂದು ಸಲ ಹೋಗಿತ್ತು. ಮಳೆ ಅಂತ ಹೇಳಿದ್ದೆ ಎಲ್ರಿಗೂ." ಪಕ್ಕದವನು, "ನಂದು ಎರಡು ಸಲ" ಎಂದ. ಪುರಸೊತ್ತಿಲ್ಲದವರಿಗೆಲ್ಲ ಒಮ್ಮೆಗೇ ಪುರಸೊತ್ತಾಯಿತು. ಮೇಜು ಕುಟ್ಟಿಕೊಂಡು ಒಬ್ಬರ ಮೇಲೊಬ್ಬರು ಹೇಳಿಕೊಳ್ಳತೊಡಗಿದರು. ಡಾರ್ಲೀನಳಿಗೆ ಯಾರ ಮುಂದೆ ಮೈಕು ಹಿಡಿಯಬೇಕೋ ತಿಳಿಯಲಿಲ್ಲ.

ಗೇರಿ ಮಾತ್ರ ನಗಲಿಲ್ಲ. ಗ್ಲಾಸು ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಬಂದ. ತಪ್ಪು ಮಾತಾಡಿದೆನೇನೋ ಎಂದುಕೊಂಡೆ.

"ಪರ್ಲ್" ಎಂದ. "ಒಗೆಯೋಕೆ ಕೊಟ್ಟೋರು ವಾಪಸ್ ತಗೊಳ್ಳೋಕೆ ಬರ್ದೇ ಇದ್ರೆ, ಆ ಬಟ್ಟೆ ಏನ್ ಮಾಡ್ತಿದ್ರಿ?"

ಅವನ ತಮ್ಮ ಯೋನಾಸ್ ನನಗೆ ಗೊತ್ತಿದ್ದ ಹುಡುಗ, ನನಗಿಂತ ಒಂದು ಕ್ಲಾಸು ಮುಂದೆ. ನಾರ್ಮಂಡಿಯ ದಂಡೆಯಲ್ಲಿ ಸತ್ತ. ಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರಿದೆ.

"ಹೊರಡೋಕೆ ಮುಂಚೆ ಅಮ್ಮಂಗೆ ಬರೆದಿದ್ದ" ಎಂದ ಗೇರಿ. "ನೀನು ಹೆಣೆದ ಸ್ವೆಟರ್ ಒಗೆಯೋಕೆ ಕೊಟ್ಟಿದೀನಿ, ಬಂದ್ಮೇಲೆ ತಗೋತೀನಿ ಅಂತ. ವಾಚು ಬಂತು. ಪ್ರಾರ್ಥನೆ ಪುಸ್ತಕ ಬಂತು. ಸ್ವೆಟರ್ ಬರ್ಲಿಲ್ಲ. ಅಮ್ಮ ಸಾಯೋವರ್ಗೂ ಅದನ್ನೇ ಕೇಳ್ತಿದ್ಲು. ಎಲ್ಲೋ ಕೊಳಕಾಗಿ ಮೂಲೇಲಿ ಬಿದ್ದಿರುತ್ತೆ ಅಂತ."

ನಾನು ನೋಡಿದ್ದೆ, ಬೂದು ಬಣ್ಣದ್ದಲ್ವಾ ಎಂದು ಸುಳ್ಳು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಐಸ್‌ಲ್ಯಾಂಡಿನವರ ಸ್ವೆಟರ್ ಬೂದು ಬಣ್ಣದ್ದೇ ಇರುತ್ತದೆ. ಆದರೆ ಅವನ ಮುಖ ನೋಡಿಕೊಂಡು ಆಗಲಿಲ್ಲ.

"ಅವನದು ನಂಗೆ ಗೊತ್ತಿಲ್ಲ ಗೇರಿ" ಎಂದೆ. "ಸಾವಿರಾರು ಕಟ್ಟು. ಬರೀ ನಂಬರು. ಆದ್ರೆ ಆ ಬೇಸಿಗೇಲಿ ಹಲಗೆ ಖಾಲೀನೇ ಆಗ್ಲಿಲ್ಲ. ಹಡಗು ಹತ್ತಿ ಹೋದೋರ ಕಟ್ಟುಗಳು ಹಾಗೇ ಕೂತಿದ್ವು. ಉಗ್ರಾಣಕ್ಕೆ ಕಳಿಸಿ ಅಂತ ಆಫೀಸರ್ ಹೇಳಿದ್ಲು. ನಾವು ಕಿವಿ ಕೇಳಿಸ್ದೇ ಇರೋರ ಹಾಗೆ ಇದ್ವಿ. ಹಬೆಗೆ ಮಡಿಕೆ ಹಾಳಾಗೋದು, ಮತ್ತೆ ಬಿಚ್ಚಿ ಇಸ್ತ್ರಿ ಮಾಡಿ ಕಟ್ಟೋದು. ಉಣ್ಣೆದಾದ್ರೆ ತಣ್ಣೀರಲ್ಲಿ, ಕೈಯಲ್ಲೇ. ಯಂತ್ರಕ್ಕೆ ಹಾಕಿದ್ರೆ ಚಿಕ್ಕದಾಗುತ್ತಲ್ಲ."

ಆ ಶೆಡ್ಡಿನಲ್ಲಿ ಅತ್ತಿರಲಿಲ್ಲ, ಅಳಲು ಪುರಸೊತ್ತಿರಲಿಲ್ಲ ಎಂದು ನಾನೂ ಇಷ್ಟು ವರ್ಷ ಹೇಳಿಕೊಂಡಿದ್ದೆ.

"ಕೊಳಕಾಗಿ ಯಾರದ್ದೂ ಬಿದ್ದಿರ್ಲಿಲ್ಲ" ಎಂದೆ. "ಬಂದು ಕೇಳಿದ್ರೆ ಆ ಕ್ಷಣ ಕೊಡೋ ಹಾಗೆ ಇಟ್ಟಿದ್ವಿ. ಕೊನೆಗೆ ಉಗ್ರಾಣದ ಲಾರಿ ಬಂದು ಒಯ್ದಾಗ್ಲೂ ಹಾಗೇ ಇತ್ತು."

ಗೇರಿ ಹೆಗಲಿನ ಬಟ್ಟೆಯನ್ನು ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡ. "ತಣ್ಣೀರಲ್ಲಿ" ಎಂದ. ಹೌದೆಂದೆ. ಕಟ್ಟೆಗೆ ಹಿಂದಿರುಗಿದ.

ಅಲ್ಲಿ ನಿಂತಿದ್ದರೆ ಅತ್ತುಬಿಡುತ್ತೇನೆ ಎನಿಸಿತು. ಪಿರೋಹಿಯ, ಅಂದರೆ ನಮ್ಮವರ ಆಲೂಗಡ್ಡೆ ಕಡುಬಿನ, ತಟ್ಟೆಗಳು ನಮ್ಮ ಕಾರಿನ ಡಿಕ್ಕಿಯಲ್ಲಿದ್ದವು. ನವೆಂಬರಿನಲ್ಲಿ ನಮ್ಮ ಕಡೆ ಎಲ್ಲರಿಗೂ ಫ್ರಿಜ್ಜು ಎಂದರೆ ಅದೇ. ಮೊಳೆಗೆ ನೇತುಹಾಕಿದ್ದ ಒಲೆಕ್ಸಾನ ಟೋಪಿ ಕೈಗೆ ಸಿಕ್ಕಿತು, ತಲೆಗೆ ತುರುಕಿಕೊಂಡು ಹೊರಗೆ ಹೋದೆ. ಸರೋವರದ ಗಾಳಿಗೆ ಮುಖ ಕೊಟ್ಟು ಸ್ವಲ್ಪ ಹೊತ್ತು ನಿಂತೆ. ಮೂಗು ಒರೆಸಿಕೊಂಡೆ. ತಟ್ಟೆಗಳನ್ನು ಒಂದರ ಮೇಲೊಂದು ಎತ್ತಿಕೊಂಡು ಬಂದರೆ ಅಡುಗೆಮನೆಯ ಹಿಂಬಾಗಿಲು ಮಂಜುಗಟ್ಟಿ ಕೂತುಬಿಟ್ಟಿದೆ. ಒದ್ದೆ, ಬೈದೆ, ತೆರೆಯಲಿಲ್ಲ. ಸುತ್ತಿಕೊಂಡು ಮುಂಬಾಗಿಲಿಗೆ ಬಂದು ಬೆನ್ನಿನಿಂದ ತಳ್ಳಿ ಒಳಗೆ ಹೋದೆ. ಪಿರೋಹಿ ಬೇಯಿಸಲು ನೀರು ಇಟ್ಟಿಲ್ಲವಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಗಂಟೆ ಹೊಡೆಯಿತು.

ಯಾವ ಪೆದ್ದ ಸಿಕ್ಕಿಬಿದ್ದ ಎಂದು ನಾನು ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಒಲೆಕ್ಸಾ ಇರಬೇಕು ಎಂದು ಹುಡುಕಿದೆ. ಅವನು ಕಿಟಕಿಯ ಪಕ್ಕ, ಬೋಳು ತಲೆಯಲ್ಲಿ, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೇರಿಯ ಮೂರು ಬೆರಳಿನ ಕೈ ಇನ್ನೂ ಹಗ್ಗದ ಮೇಲಿತ್ತು.

"ಟೋಪಿ, ಸಿಪಾಯಿ" ಎಂದ. ದನಿ ಏರಿಸಲಿಲ್ಲ.

"ಹೆಂಗಸರಿಗೆ ಮಾಫಿ ಅಲ್ವೇನಯ್ಯ" ಎಂದ ಯಾರೋ.

"ಹೆಂಗಸರಿಗೆ ಮಾಫಿ" ಎಂದ ಗೇರಿ. "ಟೋಪಿ ತೆಗಿ ಪರ್ಲ್. ಜನ ಕಾಯ್ತಿದಾರೆ."

ಇಂಥ ಗಳಿಗೆಗೆ ನಾನು ಎಷ್ಟು ಸಲ ತಾಲೀಮು ಮಾಡಿದ್ದೆನೋ ಲೆಕ್ಕವಿಲ್ಲ. ತಲೆಯನ್ನು ಸ್ವಲ್ಪ ಬಾಗಿಸಿ, ಒಂದೇ ಕೈಯಲ್ಲಿ, ಆ ಚಿತ್ರದ ಹುಡುಗಿಯ ಹಾಗೆ ತೆಗೆಯಬೇಕು ಎಂದುಕೊಂಡಿದ್ದೆ. ಆದರೆ ಎರಡೂ ಕೈಯಲ್ಲಿ ಪಿರೋಹಿ. ಹೆಕ್ಟರ್ ಓಡಿಬಂದು ತಟ್ಟೆ ಹಿಡಿದುಕೊಂಡ. ಟೋಪಿ ಎಳೆದರೆ ಅದರ ಜೊತೆ ತಲೆಗೂದಲ ಬಲೆಯೂ ಬಂತು, ಕೂದಲು ನಾಲ್ಕು ದಿಕ್ಕಿಗೆ ನಿಂತುಕೊಂಡಿತು. ಮೂಗು ಸೋರುತ್ತಿತ್ತು, ಏಪ್ರನ್ನಿನ ತುಂಬ ಮೊಟ್ಟೆ. ಸಿಪಾಯಿ ಹೀಗಿರುತ್ತಾನೆ ಎಂದು ಆ ಶಾಲೆಯ ಮಕ್ಕಳಿಗೆ ಯಾರೂ ಹೇಳದಿರಲಿ.

ಯಾರೂ ಗ್ಲಾಸು ಕುಟ್ಟಲಿಲ್ಲ. ಕುಟ್ಟುತ್ತಾರೆ ಎಂದು ಕಾದೆ. ಅವರು ಒಬ್ಬೊಬ್ಬರಾಗಿ ಎದ್ದು ನಿಂತರು, ಅಷ್ಟೇ. ನಾನು ಬರಿದಲೆಯಲ್ಲಿ ನಿಂತಿದ್ದೆ. ಟೋಪಿ ತೆಗೆಯುವುದು ಯಾರಿಗಾಗಿ ಎಂದು ಗೋಡೆಯ ಫಲಕದಲ್ಲಿ ಬರೆದಿದೆ, ದಿನವೂ ಓದಿದ್ದೇನೆ. ಆದರೂ ಗಂಟೆಯ ಆಸೆಯಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಈಗ ನನ್ನ ಕಣ್ಣಿಗೆ ಬಂದದ್ದು ಆ ಶೆಡ್ಡಿನ ಗೋಡೆ, ನೆಲದಿಂದ ಸೂರಿನವರೆಗೆ, ಒಂದೊಂದು ಕಟ್ಟೂ ದಾರದಿಂದ ಬಿಗಿದು, ನಂಬರು ಹೊರಗೆ ಕಾಣುವಂತೆ. ಒಬ್ಬರಿಗೂ ನಾನು ಟೋಪಿ ತೆಗೆದಿರಲಿಲ್ಲ. ಆ ದಿನ ತೆಗೆದೆ.

ಕೊನೆಗೆ ಮೌನ ಮುರಿದವನು ನನ್ನ ಗಂಡ.

"ದುಡ್ಡು ನನ್ ಹತ್ರ ಕೇಳ್ಬೇಡ" ಎಂದ ಒಲೆಕ್ಸಾ. "ನಂಗೆ ಗಂಟೆ ಹೊಡೆದಾಗ ಒಂದು ಸಲನಾದ್ರೂ ಕೊಟ್ಟಿದೀಯಾ?"

ಆಗ ಗ್ಲಾಸು ಕುಟ್ಟಿದರು ನೋಡಿ. ನಾನು ಚೀಲದಲ್ಲಿದ್ದದ್ದನ್ನೆಲ್ಲ ಕಟ್ಟೆಯ ಮೇಲೆ ಸುರಿದೆ. ಕುಡಿಯದವರೂ ಆ ದಿನ ಕುಡಿದರು, ಡಾರ್ಲೀನ್ ಸಮೇತ. ಅವಳ ಟೇಪು ಇನ್ನೂ ತಿರುಗುತ್ತಿತ್ತು. ಶಾಲೆಯಲ್ಲಿ ಅದನ್ನು ಕೇಳಿಸಿದಾಗ ಪ್ಯಾಂಟಿನ ವಿಷಯ ಕತ್ತರಿಸಿದ್ದಳು, ಗಂಟೆ ಉಳಿಸಿದ್ದಳು.

ಕುಡಿದಿದ್ದೆವಲ್ಲ, ಕಾರನ್ನು ಅಲ್ಲೇ ಬಿಟ್ಟು ಮನೆಗೆ ನಡೆದು ಹೋಗುವಾಗ ಟೋಪಿ ಕೈಯಲ್ಲೇ ಇತ್ತು.

"ಹಾಕ್ಕೊಳೇ, ಕಿವಿ ಉದುರಿ ಹೋಗುತ್ತೆ" ಎಂದ ಒಲೆಕ್ಸಾ.

"ಸ್ವಲ್ಪ ಹೊತ್ತು ಇರ್ಲಿ" ಎಂದೆ.

ಸ್ಮಾರಕದ ಕಲ್ಲು ದಾಟಿದರೂ ಹಾಕಿಕೊಳ್ಳಲಿಲ್ಲ, ನಮ್ಮ ಗೇಟಿನವರೆಗೂ ಹಾಕಿಕೊಳ್ಳಲಿಲ್ಲ. ಮರುದಿನ ಜ್ವರ ಬಂತು, ಎಡಗಿವಿಯ ಮೇಲ್ತುದಿ ಹಿಮಕ್ಕೆ ಸುಟ್ಟು ಕಪ್ಪಾಯಿತು, ವಾರವಿಡೀ ಹಾಸಿಗೆ ಹಿಡಿದೆ. ಗೇರಿ ಅವನ ತಂಗಿ ಮಾಡಿದ ಒಣಹಣ್ಣಿನ ಕೇಕು ಹಿಡಿದು ನೋಡಲು ಬಂದ. ಕಿವಿಯ ಕಲೆ ಇನ್ನೂ ಇದೆ. ಇಡೀ ಯುದ್ಧದಲ್ಲಿ ನನಗಾದ ಗಾಯ ಅದೊಂದೇ.